ಅಯ್ಯೋ ಬಟನ್

ಆಗಸ್ಟ್ 4, ಸೋಮವಾರ

ಇವತ್ತು ಎಡಿಟರ್‌ನಿಂದ ಹೊರಗೆ ಬರಲಾಗದೆ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತೆ.

ಮೊದಲನೇ ಲ್ಯಾಬ್. ಸಾಲು ಸಾಲು ಕಂಪ್ಯೂಟರು, ಸಾಲು ಸಾಲು ಕೀಬೋರ್ಡು, ಮೌಸ್ ಮಾತ್ರ ಒಂದೂ ಇಲ್ಲ. ಮೂಲೆಯಲ್ಲಿ ಗಾಜಿನ ಬೀರು. ಅದರೊಳಗೆ ಎರಡು ಬಕೆಟ್ ತುಂಬ ಮೌಸುಗಳು, ಬಾಲಕ್ಕೆ ಬಾಲ ಸಿಕ್ಕಿಕೊಂಡು ಬಿದ್ದಿವೆ. ಬೀರುವಿಗೆ ಬೀಗ, ಕೀ ಲ್ಯಾಬ್ ಸರ್ ಜೇಬಿನಲ್ಲಿ. ಸೀನಿಯರ್‌ಗಳು ಅವರಿಗೆ ಇಲಿಬೋನು ಅಂತ ಯಾಕೆ ಹೆಸರಿಟ್ಟಿದ್ದಾರೆ ಅನ್ನುವುದು ಆಗ ತಿಳಿಯಿತು.

"ನನ್ನ ಲ್ಯಾಬಲ್ಲಿ ಕೈ ಕೀಬೋರ್ಡ್ ಬಿಟ್ಟು ಏಳಬಾರದು," ಅಂದರು. "ಊಟಕ್ಕೆ ಕೂತೋರು ತುತ್ತಿಗೊಂದು ಸಲ ಎದ್ದು ಓಡಾಡ್ತೀರಾ? ಹಾಗೇ ಇದು."

ಆಮೇಲೆ ಪ್ರೋಗ್ರಾಂ ಬರೆಯುವ ಎಡಿಟರ್ ತೆರೆಸಿದರು. ಮೆನು ಇಲ್ಲ, ಬಟನ್ ಇಲ್ಲ, ಕಪ್ಪು ಗೋಡೆ. ಈ ಎಡಿಟರ್‌ಗೆ ಎರಡು ಮನಸ್ಸು. ಒಂದು ಮನಸ್ಸಿನಲ್ಲಿದ್ದಾಗ ನಾವು ಒತ್ತಿದ ಅಕ್ಷರವನ್ನು ಬರೆದುಕೊಳ್ಳುತ್ತದೆ. ಇನ್ನೊಂದರಲ್ಲಿದ್ದಾಗ ಒತ್ತಿದ್ದನ್ನೆಲ್ಲ ಅಪ್ಪಣೆ ಅಂತ ತಿಳಿದು ನಡೆಸಿಕೊಡುತ್ತದೆ. 'ಡಿ' ಎರಡು ಸಲ ಒತ್ತಿದೆ, ಇಡೀ ಸಾಲೇ ಮಾಯ. ಗಾಬರಿಯಲ್ಲಿ ಇನ್ನೂ ಒತ್ತಿದೆ, ಇನ್ನೂ ಮಾಯ.

ಪಕ್ಕದವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. 'ನಂಗೆ ಗೊತ್ತಿಲ್ಲ' ಅಂತ ಒಂದು ಸಲ ಬಾಯಿಬಿಟ್ಟರೆ ವರ್ಷಪೂರ್ತಿ ಅದೇ ಅಡ್ಡಹೆಸರಾಗಿಬಿಡುತ್ತದೆ.

ಅಪ್ಪನ ಫೋನ್ ಬಂತು. ಎಲ್ಲ ಸೂಪರ್ ಅಂದೆ. ಹೋದ ವರ್ಷ ಬೇರೆ ಕೋರ್ಸಿಗೆ ಸೇರಿ ತಿಂಗಳು ತುಂಬುವ ಮೊದಲೇ ಅಳುತ್ತ ವಾಪಸಾದವಳು ನಾನು, ಹಾಗಾಗಿ ಈ ಸಲ ಅಪ್ಪನದು ಕಂಡೀಷನ್ನು: "ಮೊದಲನೇ ಟರ್ಮಿನ ಪ್ರಾಕ್ಟಿಕಲ್ ಪಾಸಾದ್ರೆ ಮುಂದೆ ಓದು ಕಣಮ್ಮ. ಇಲ್ಲಾಂದ್ರೆ ಬಂದ್ಬಿಡು, ಅಂಗಡೀಲಿ ಸ್ಟೂಲ್ ಖಾಲಿ ಇದೆ." ನಮ್ಮದು ಕನ್ನಡಕದ ಅಂಗಡಿ. ಆ ಸ್ಟೂಲಿನ ಮೇಲೆ ಕೂತು ಜೀವಮಾನವಿಡೀ ಫ್ರೇಮ್ ಒರೆಸಬೇಕು.

ಆಗಸ್ಟ್ 7, ಗುರುವಾರ

ರೂಮ್‌ಮೇಟ್ ಬಂದಳು. ನಡೆದರೆ ಬಕೆಟ್ ಅದುರುತ್ತದೆ, ಬಾಗಿಲು ಹಾಕಿದರೆ ಕ್ಯಾಲೆಂಡರ್ ಬೀಳುತ್ತದೆ. ಮನಸ್ಸಿನಲ್ಲೇ ಗುಡುಗು ಅಂತ ಹೆಸರಿಟ್ಟೆ. ಅವಳೂ ನನ್ನ ಕ್ಲಾಸೇ. "ನಿಂಗೆ ಆ ಎಡಿಟರ್ ಬರುತ್ತೇನೇ?" ಅಂತ ಕೇಳಿದಳು. "ಮ್ಯಾನೇಜ್ ಮಾಡ್ತೀನಿ" ಅಂದೆ. "ಸದ್ಯ, ನಂಗಂತೂ ಒಂದಕ್ಷರ ಬರಲ್ಲಪ್ಪ!" ಅಂತ ಕಾರಿಡಾರಿಗೆಲ್ಲ ಕೇಳುವ ಹಾಗೆ ನಕ್ಕಳು. ನಾಚಿಕೆಯೇ ಇಲ್ಲ ಅವಳಿಗೆ.

ಮೆಸ್ಸಿನಲ್ಲಿ ಗೋಡೆ ಪಕ್ಕದ ಒಂಟಿ ಕುರ್ಚಿ ನನ್ನದು ಅಂತ ಆಗಿದೆ. ಯಾರೂ ಮಾತಾಡಿಸುವುದಿಲ್ಲ. ಒಳ್ಳೆಯದೇ.

ಆಗಸ್ಟ್ 13, ಬುಧವಾರ

ದೇವರು ದೊಡ್ಡವನು. ಪ್ಲಗಿನ್ ಅಂತ ಇದೆಯಂತೆ! ಎಡಿಟರ್‌ಗೆ ಬೇಕಾದ ಹಾಗೆ ಅಂಟಿಸಿಕೊಳ್ಳುವ ಪುಟ್ಟ ಪುಟ್ಟ ಪ್ರೋಗ್ರಾಂಗಳು. ಎಡಗಡೆ ಫೈಲುಗಳ ಪಟ್ಟಿ ತೋರಿಸಲು ಒಂದು, ಅರ್ಧ ಬರೆದ ಪದ ಪೂರ್ತಿ ಮಾಡಲು ಒಂದು, ಬಣ್ಣ ಬದಲಿಸಲು ಒಂದು. ಇವನ್ನೆಲ್ಲ ಹಾಕಿಕೊಂಡರೆ ಎಡಿಟರ್ ಕಲಿಯುವ ತಾಪತ್ರಯವೇ ತಪ್ಪಿತು. ಬರೀ ಸ್ಮಾರ್ಟ್‌ವರ್ಕ್.

ಲ್ಯಾಬಿನಲ್ಲಿ ಇವನ್ನು ಹಾಕಲು ಬಿಡುವುದಿಲ್ಲ. ದೊಡ್ಡಪ್ಪನ ಮಗ ಕೊಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಪ್ರೋಗ್ರಾಂ ಇಲ್ಲೇ ಬರೆದು ಲ್ಯಾಬಿಗೆ ಒಯ್ಯುವುದು ಅಂತ ಪ್ಲಾನ್. ಲ್ಯಾಪ್‌ಟಾಪಿಗೊಂದು ಮೌಸೂ ಸಿಕ್ಕಿಸಿದ್ದೇನೆ. ಯಾವ ಇಲಿಬೋನೂ ಇಲ್ಲಿಗೆ ಬರುವುದಿಲ್ಲ.

ಆಗಸ್ಟ್ 24, ಭಾನುವಾರ

ಪ್ಲಗಿನ್ ಹಾಕಬೇಕಾದರೆ, ಎಡಿಟರ್ ಹೇಗೆ ನಡೆದುಕೊಳ್ಳಬೇಕು ಅಂತ ಬರೆದಿಡುವ ಸೆಟ್ಟಿಂಗ್ ಫೈಲ್ ತಿದ್ದಬೇಕು. ಸೆಟ್ಟಿಂಗ್ ಫೈಲ್ ತಿದ್ದಬೇಕಾದರೆ ಎಡಿಟರ್ ಬರಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ.

ಹೇಗೋ ಒದ್ದಾಡಿ ಹನ್ನೊಂದು ಪ್ಲಗಿನ್ ಹಾಕಿದೆ. ಅವು ತಮ್ಮತಮ್ಮಲ್ಲೇ ಜಗಳ ಶುರುಮಾಡಿವೆ. ಒಂದೇ ಕೀ ನನ್ನದು ಅಂತ ಎರಡು ಪ್ಲಗಿನ್ನುಗಳ ಹಟ. ಅದನ್ನು ಒತ್ತಿದರೆ ಪರದೆ ಇಬ್ಭಾಗವಾಗಿ, ಒಂದು ಭಾಗ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಓಡುತ್ತದೆ. ಹಾಸ್ಟೆಲಿನ ಒಂದೇ ನಲ್ಲಿಯ ಮುಂದೆ ಇಬ್ಬರು ಬಕೆಟ್ ಇಟ್ಟ ಹಾಗೆ. ದಿನವಿಡೀ ಅವರಿಬ್ಬರ ಪಂಚಾಯಿತಿ ಮಾಡಿದ್ದೇ ಆಯಿತು, ಪಾಠ ಒಂದು ಸಾಲೂ ಓದಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಸತ್ತೇಹೋಗಬೇಕು ಅನ್ನಿಸಿತು.

ಯಾವುದೋ ಪ್ಲಗಿನ್ ಹೊಸ ಫೈಲ್ ತೆರೆದಾಗಲೆಲ್ಲ ಅದರ ತಲೆಯಲ್ಲಿ ಒಂದು ಸ್ವಾಗತ ಬರೆಯುತ್ತಿತ್ತಂತೆ. ನಾನು ನೋಡಿಯೇ ಇರಲಿಲ್ಲ. ಅಸೈನ್‌ಮೆಂಟಿನ ಜೊತೆ ಅದೂ ಹೋಗಿದೆ. ಇಲಿಬೋನು ಸರ್ ಇಡೀ ಕ್ಲಾಸಿನೆದುರು ನಿಧಾನವಾಗಿ ಓದಿದರು: "ವೆಲ್‌ಕಮ್ ಬ್ಯಾಕ್, ಕ್ಯಾಪ್ಟನ್! ವಾಟ್ ಶಲ್ ವಿ ಕಾಂಕರ್ ಟುಡೇ?"

ಕ್ಲಾಸು ಉರುಳಾಡಿತು.

"ಮೊದಲು ಆರನೇ ಸಾಲಲ್ಲಿ ಬಿಟ್ಟಿರೋ ಸೆಮಿಕೋಲನ್ ಗೆದ್ಕೊಂಡು ಬನ್ನಿ ಕ್ಯಾಪ್ಟನ್," ಅಂದರು ಸರ್.

ಮಧ್ಯಾಹ್ನದೊಳಗೆ ಹೆಸರು ಅಂಟಿತು. ಮೆಸ್ಸಿನಲ್ಲಿ ಬಡಿಸುವವನೂ "ಕ್ಯಾಪ್ಟನ್ನಿಗೆ ಇನ್ನೊಂದು ಸೌಟು?" ಅಂದ. ಸೌಟು ಬೇಕಿತ್ತು, ಬೇಡ ಅಂದೆ.

ಸೆಪ್ಟೆಂಬರ್ 12, ಶುಕ್ರವಾರ

ಇದೇ ಎಡಿಟರ್‌ಗೆ ಕಿಟಕಿ, ಮೆನು ಎಲ್ಲ ಇರುವ ಗ್ರಾಫಿಕಲ್ ರೂಪವೂ ಇದೆ ಅಂತ ಎದುರು ರೂಮಿನ ಸೀನಿಯರ್ ಅಕ್ಕ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಓಡಿ ಬಂದು ಹಾಕಿಕೊಂಡೆ. ಮೇಲೆ ಚಂದದ ಮೆನು, ಕತ್ತರಿಯ ಚಿತ್ರ, ಪ್ರಿಂಟರಿನ ಚಿತ್ರ. ಖುಷಿಯಿಂದ ಟೈಪ್ ಮಾಡಲು ಕೂತರೆ ಒಳಗೆ ಅದೇ ಎರಡು ಮನಸ್ಸು! ಅಂಗಿ ಹೊಸದು, ದೆವ್ವ ಹಳೇದು.

ಸೆಪ್ಟೆಂಬರ್ 14, ಭಾನುವಾರ

ನಾನೇ ಬಟನ್ ಮಾಡಿದೆ! ನಾನೇ!!

ಕಷ್ಟವೇನಿಲ್ಲ. ಯಾವ ಕೆಲಸಕ್ಕೆ ಯಾವ ಕೀ ಒತ್ತಬೇಕೋ ಅದನ್ನು ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟರೆ, ಬಟನ್ ಒತ್ತಿದಾಗ ಎಡಿಟರ್ ಆ ಕೀಗಳನ್ನು ತಾನೇ ಒತ್ತಿಕೊಳ್ಳುತ್ತದೆ. ಒಂದೊಂದು ಕೆಲಸದ ಕೀಯನ್ನೂ ಹುಡುಕಿ, ಒತ್ತಿ ನೋಡಿ, ಬರೆದೆ. ನೆನಪಿಟ್ಟುಕೊಳ್ಳುವ ತಲೆನೋವಿಲ್ಲ, ಅದಕ್ಕೇ ತಾನೆ ಬಟನ್ ಇರುವುದು.

ಪರದೆಯ ಮೇಲೆ, ಮೆನುವಿನ ಪಕ್ಕ ಮೂರು ಬಟನ್. 'ಉಳಿಸು', 'ಹೊರಟೆ', 'ಅಯ್ಯೋ'. ಅಯ್ಯೋ ಒತ್ತಿದರೆ ಈಗ ಮಾಡಿದ ತಪ್ಪು ಮಾಡದಿದ್ದ ಹಾಗಾಗುತ್ತದೆ.

ಗುಡುಗು ಹಿಂದಿನಿಂದ ನೋಡಿ ಕಿರುಚಿದಳು. "ಏ ಕ್ಯಾಪ್ಟನ್, ಇದು ನಂಗೂ ಬೇಕು ಕಣೇ! ನಂಗೆ ಅಯ್ಯೋ ಸಾಲಲ್ಲ, ಅಯ್ಯಯ್ಯೋ ಅಂತ ಇನ್ನೊಂದು ಮಾಡ್ಕೊಡು, ಒಂದೇ ಏಟಿಗೆ ಹತ್ತು ತಪ್ಪು ಹೋಗ್ಬೇಕು."

ಮಾಡಿಕೊಟ್ಟೆ. ಆದರೆ ಅವಳು ಸೆಟ್ಟಿಂಗ್ ಫೈಲಿಗೆ ಕೈ ಹಾಕಿ ಕೆಡಿಸಿದಳು. ಸರಿಮಾಡಿ, ಮೇಲೊಂದು ಎಚ್ಚರಿಕೆಯ ಸಾಲು ಬರೆದಿಟ್ಟೆ: 'ಗುಡುಗೇ, ಇಲ್ಲಿ ಕೈ ಹಾಕಬೇಡ.' ಎಡಿಟರ್ ಅಂಥ ಟಿಪ್ಪಣಿಗಳನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಅವಳಿಗೆ ಅವಳ ಹೆಸರು ಹೀಗೆ ಗೊತ್ತಾಯಿತು. ಸಿಟ್ಟಾಗುತ್ತಾಳೆ ಅಂದುಕೊಂಡೆ. "ಗುಡುಗು! ಸಕತ್ತಾಗಿದೆ!" ಅಂದಳು.

ಸೆಪ್ಟೆಂಬರ್ 27, ಶನಿವಾರ

ರೂಮಿನ ಮುಂದೆ ಚಪ್ಪಲಿಗಳ ರಾಶಿ. ಎಲ್ಲರಿಗೂ ಅಯ್ಯೋ ಬಟನ್ ಬೇಕಂತೆ. ಒಬ್ಬಳಿಗೆ ಬಟನ್ ದೊಡ್ಡದಾಗಬೇಕು, ಇನ್ನೊಬ್ಬಳಿಗೆ ಗುಲಾಬಿ ಬಣ್ಣ. ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲೂ ಫೈಲ್ ತೆರೆದು, ಬೇಕಾದ ಕಡೆ ಹಾರಿ, ಸಾಲು ಕತ್ತರಿಸಿ, ಅಂಟಿಸಿ, ಪದ ಬದಲಿಸಿ, ಉಳಿಸಿ ಕೊಡುತ್ತಿದ್ದೇನೆ. ಅವರ ಮೌಸ್ ಮುಟ್ಟುವಷ್ಟು ವ್ಯವಧಾನ ಎಲ್ಲಿದೆ, ಹಿಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. ಪುಕ್ಕಟೆ ದರ್ಜಿಯ ಬಾಳು. ಹೀಗಾದರೆ ನಾನು ಎಡಿಟರ್ ಕಲಿಯುವುದು ಯಾವಾಗ?

ಅಕ್ಟೋಬರ್ 8, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಗುಲಾಬಿ ಬಣ್ಣದವಳ ಅಯ್ಯೋ ಕೆಟ್ಟಿದೆ.

ಅಕ್ಟೋಬರ್ 20, ಸೋಮವಾರ

ಅಪ್ಪನ ಫೋನು. "ಏನಾದ್ರೂ ಕಲಿತ್ಯಾ?" ಅಂದರು. ಸುಳ್ಳು ಹೇಳಲು ಆಗಲಿಲ್ಲ. "ಏನೂ ಕಲಿತಿಲ್ಲ ಅಪ್ಪಾ, ಬರೀ ಬಟನ್ ಹಾಕ್ತಾ ಕೂತಿದೀನಿ" ಅಂದೆ. "ಹೊಲಿಗೆ ಕ್ಲಾಸಿಗೂ ಹೋಗ್ತಿದ್ದೀಯಾ?" ಅಂದರು. ವಿವರಿಸುವ ಧೈರ್ಯ ಬರಲಿಲ್ಲ.

ಇವತ್ತು ಮೆಸ್ಸಿನಲ್ಲಿ ನನ್ನ ಒಂಟಿ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಎಷ್ಟು ದಿನದಿಂದ ಕೂತಿದ್ದಾರೋ.

ನವೆಂಬರ್ 3, ಸೋಮವಾರ

ಮುಗಿಯಿತು ಕಥೆ.

ಲ್ಯಾಬ್ ಬಾಗಿಲಿಗೆ ನೋಟೀಸ್ ಅಂಟಿಸಿದ್ದಾರೆ. ಮುಂದಿನ ಬುಧವಾರ ಪ್ರಾಕ್ಟಿಕಲ್. ಬೋಳು ಎಡಿಟರ್. ಪ್ಲಗಿನ್ ಇಲ್ಲ, ಇಂಟರ್ನೆಟ್ ಇಲ್ಲ, ಸ್ವಂತ ಸೆಟ್ಟಿಂಗ್ ಫೈಲ್ ತರುವಂತಿಲ್ಲ. ಐವತ್ತಕ್ಕೆ ಇಪ್ಪತ್ತು ಬಂದರೆ ಪಾಸು.

ಸಂಜೆ ಆರು ಜನ ನನ್ನ ಮಂಚದ ಮೇಲೆ ಸಾಲಾಗಿ ಕೂತರು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಕೂರುವ ಹಾಗೆ.

"ನೀನೇ ಬಟನ್ ಅಭ್ಯಾಸ ಮಾಡ್ಸಿದ್ದು ಕ್ಯಾಪ್ಟನ್, ನೀನೇ ಪಾರುಮಾಡು," ಅಂದಳು ಗುಲಾಬಿಯವಳು.

"ಸ್ಟೂಲ್ ನಿಂಗೆ ಮಾತ್ರ ಕಾಯ್ತಿಲ್ಲ ಕಣೇ," ಅಂದಳು ಗುಡುಗು. "ನಂಗೂ ಮನೇಲಿ ಅತ್ತೆ ಮಗನ ಫೋಟೋ ರೆಡಿ ಇಟ್ಟಿದಾರೆ."

ಸ್ಟೂಲಿನ ವಿಷಯ ಇವಳಿಗೆ ಹೇಗೆ ಗೊತ್ತು? ನಾನೇ ಹೇಳಿರಬೇಕು. ಯಾವಾಗ ಹೇಳಿದೆನೋ ನೆನಪಿಲ್ಲ.

ನವೆಂಬರ್ 5, ಬುಧವಾರ

ದಾರಿ ಸಿಕ್ಕಿತು! ಸೆಟ್ಟಿಂಗ್ ಫೈಲ್ ತರಬಾರದು ಅಂದಿದ್ದಾರೆ, ತಲೆಯಲ್ಲಿ ತರಬಾರದು ಅಂದಿಲ್ಲ. ಹಾಸ್ಟೆಲು ನನಗೆ ಕಲಿಸಿದ್ದು ಎರಡೇ ವಿದ್ಯೆ. ಒಂದು, ಬಿಸಿನೀರು ಮುಗಿಯುವ ಮೊದಲು ಏಳುವುದು. ಇನ್ನೊಂದು ಬಾಯಿಪಾಠ. ಇಡೀ ಫೈಲ್ ಬಾಯಿಪಾಠ ಮಾಡುವುದು, ಪರೀಕ್ಷೆ ಶುರುವಾದ ಕೂಡಲೇ ಟೈಪ್ ಮಾಡುವುದು, ಆಮೇಲೆ ನಮ್ಮ ಬಟನ್ನುಗಳೊಂದಿಗೆ ಆರಾಮಾಗಿ ಪ್ರಶ್ನೆ ಬಿಡಿಸುವುದು. ಪ್ಲಗಿನ್ನುಗಳನ್ನು ಬಿಟ್ಟು, ನಾನೇ ಬರೆದ ಬಟನ್ನಿನ ಸಾಲುಗಳಷ್ಟನ್ನೇ ಇಟ್ಟುಕೊಂಡೆ. ಆದರೂ ಮೂರು ಪುಟ.

ಕೇಳಿದ ಮೇಲೆ ಎಲ್ಲರೂ ನಮಗೂ ಅಂದರು.

ನವೆಂಬರ್ 8, ಶನಿವಾರ

ಸಂಜೆಯಿಂದ ರೂಮಿನಲ್ಲಿ ಒಕ್ಕೊರಲ ಪಠಣ. ನಾನು ಒಂದು ಸಾಲು, ಆರು ಜನ ಹಿಂದೆ ಹಿಂದೆ. ವಾರ್ಡನ್ ಅಮ್ಮ ಬಾಗಿಲು ತಳ್ಳಿ, "ಕಾಲೇಜಿಗೆ ಬಂದ್ಮೇಲೂ ಮಗ್ಗಿ ಹೇಳಿಸ್ತಾರೇನ್ರೇ?" ಅಂದರು. "ಹೂಂ ಅಮ್ಮ, ಕಂಪ್ಯೂಟರ್ ಮಗ್ಗಿ," ಅಂದಳು ಗುಡುಗು. "ಪಾಪ," ಅಂತ ಹೊರಟುಹೋದರು.

ಹೇಳಿದ ಮೇಲೆ ಬೋಳು ಎಡಿಟರ್ ತೆರೆದು ನೋಡದೆ ಟೈಪ್ ಮಾಡುವುದು. ಇವರು ಒಂದೊಂದಕ್ಷರ ಕುಟ್ಟುತ್ತ ಕೂತಿದ್ದರು. ಬೈದೆ. "ಒಂದೇ ಥರದ ಸಾಲು ತಾನೆ? ಒಂದು ಬರಿ, ಉಳಿದದ್ದು ಕಾಪಿ ಮಾಡು, ಪದಕ್ಕೆ ಹಾರು, ಬದಲಿಸು, ಮುಂದೆ ಹೋಗು. ಕೈ ಎತ್ತಬೇಡ!" ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗೂ ರೂಢಿಯಾಯಿತು. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು, ಯಾರದು ಅಂತ ಹೊಳೆಯಲಿಲ್ಲ.

ಬಾಯಿಪಾಠವೇನೋ ಗಟ್ಟಿ. ಆದರೆ ಎಡಿಟರ್ ಕಲಿಯುವುದು ಹಾಗೇ ಉಳಿದುಹೋಯಿತಲ್ಲ ಅನ್ನುವ ಸಂಕಟ.

ನವೆಂಬರ್ 12, ಬುಧವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆಯನ್ನು ಬೋರಲು ಹಾಕಿ ಟೈಪ್ ಮಾಡತೊಡಗಿದೆ. ಎಡಕ್ಕೆ ಗುಡುಗು, ಹಿಂದೆ ಗುಲಾಬಿ, ಆಚೆ ಉಳಿದ ನಾಲ್ವರು, ಮಳೆ ಬಿದ್ದ ಹಾಗೆ ಕೀಬೋರ್ಡಿನ ಸದ್ದು. ಬೇರೆಯವರೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ ನಾವು ಏಳು ಜನ ಮಾತ್ರ ಎಡೆಬಿಡದೆ. ಕೊನೆಯ ಪುಟಕ್ಕೆ ಬಂದಿದ್ದೆ, ಬೆನ್ನ ಹಿಂದೆ ಉಸಿರು ಕೇಳಿಸಿತು.

ಇಲಿಬೋನು ಸರ್ ನನ್ನ ಪರದೆ ನೋಡಿದರು. ಗುಡುಗಿನ ಪರದೆ ನೋಡಿದರು. ಗುಲಾಬಿಯ ಪರದೆಗೆ ಹೋದರು. ಏಳು ಪರದೆ ಸುತ್ತಿ ವಾಪಸು ಬಂದಾಗ ಅವರ ಮುಖ ಬೇರೆಯೇ ಆಗಿತ್ತು.

"ಎಲ್ಲ ಕೈ ತೆಗೀರಿ. ಏಳು ಜನ, ಅಕ್ಷರ ತಪ್ಪದೆ ಒಂದೇ ಬರಹ. ಕಾಪಿ!" ಪರದೆಯತ್ತ ಬೆರಳು ಮಾಡಿದರು. "ಏಳೂ ಜನರ ಫೈಲಲ್ಲಿ 'ಗುಡುಗೇ, ಇಲ್ಲಿ ಕೈ ಹಾಕಬೇಡ' ಅಂತ ಇದೆ. ಯಾರದು ಗುಡುಗು?"

ಗುಡುಗು ಎದ್ದು ನಿಂತಳು.

"ನಿನಗೆ ನೀನೇ ಕೈ ಹಾಕಬೇಡ ಅಂತ ಬರ್ಕೊಂಡಿದ್ದೀಯಾ?"

"ಬಾಯಿಪಾಠದಲ್ಲಿ ಹಂಗೇ ಇತ್ತು ಸರ್."

ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. ಕಾಪಿ ಅಂತ ಬರೆದು ಕಳಿಸಿದರೆ ಟರ್ಮೇ ಹೋಯಿತು, ಒಂದಲ್ಲ, ಏಳು ಜನರದು. ಆಮೇಲೆ ನೋಡಿದರೆ ನಾನು ನಿಂತಿದ್ದೆ.

"ಕಾಪಿ ಅಲ್ಲ ಸರ್. ನಾನು ಬರೆದಿದ್ದು. ಇವರಿಗೆಲ್ಲ ನಾನೇ ಬಾಯಿಪಾಠ ಮಾಡ್ಸಿದ್ದು. ಪ್ರಶ್ನೆಯ ಉತ್ತರ ಅಲ್ಲ ಅದು, ನನ್ನ ಸೆಟ್ಟಿಂಗ್ ಫೈಲು. ಬಟನ್‌ಗಳು."

"ಬಟನ್ ಯಾಕಮ್ಮ?"

"ಬಟನ್ ಇಲ್ದೆ ಈ ಎಡಿಟರ್ ನಂಗೆ ಬರಲ್ಲ ಸರ್."

ಹೇಳಿಬಿಟ್ಟೆ. ಇಡೀ ಲ್ಯಾಬಿನೆದುರು. ಆಗಬೇಕಾದ್ದು ಆಗಿಹೋಯಿತು ಅಂತ ಕಣ್ಣುಮುಚ್ಚಿದೆ.

ಸರ್ ಬಗ್ಗಿ ನನ್ನ ಪರದೆಯನ್ನು ಮೇಲಿನಿಂದ ಕೆಳಗೆ ಓದಿದರು. ಬಹಳ ಹೊತ್ತು ಓದಿದರು.

"ಸರಿ. ಬಟನ್ ಬಂತು ಅಂತಲೇ ಇಟ್ಕೊಳ್ಳೋಣ," ಅಂದರು. "ಅದನ್ನ ಒತ್ತೋಕೆ ಮೌಸ್ ಎಲ್ಲಮ್ಮ?"

ಲ್ಯಾಬಿಗೆ ಲ್ಯಾಬೇ ತಿರುಗಿ ಗಾಜಿನ ಬೀರುವಿನ ಕಡೆ ನೋಡಿತು.

ವಾರವಿಡೀ ಏಳು ತಲೆ ಸೇರಿ ಯೋಚಿಸಿದ್ದೆವು. ಒಂದಕ್ಕೂ ಇದು ಹೊಳೆದಿರಲಿಲ್ಲ.

"ಇನ್ನೊಂದು ಮಾತು. ಇಷ್ಟುದ್ದ ಈಗ ಬರೆದ್ಯಲ್ಲ, ಯಾವುದರಲ್ಲಿ ಬರೆದೆ?"

"ಎಡಿಟರಲ್ಲಿ ಸರ್."

"ಯಾವ ಬಟನ್ ಒತ್ತಿ?"

ಕೈ ನೋಡಿಕೊಂಡೆ.

ಸರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಭುಜ ಅಲುಗುತ್ತಿತ್ತು. ಸಿಟ್ಟಿಗೋ ನಗುವಿಗೋ ಗೊತ್ತಾಗಲಿಲ್ಲ. "ಏಳೂ ಜನ ಕೂತ್ಕೊಳ್ಳಿ. ಅದನ್ನೆಲ್ಲ ಅಳಿಸಿ, ಪ್ರಶ್ನೆಪತ್ರಿಕೆ ತಿರುಗಿಸಿ ನೋಡಿ. ಒಂದು ನಿಮಿಷ ಕೂಡ ಜಾಸ್ತಿ ಕೊಡಲ್ಲ."

ವಾರದ ಬಾಯಿಪಾಠ ನಾಲ್ಕು ಕೀ ಒತ್ತಿದ್ದಕ್ಕೆ ಹೊರಟುಹೋಯಿತು. ಪ್ರಶ್ನೆ ಎರಡು ಭಾಗ, ಕೆಟ್ಟುಹೋದ ಪ್ರೋಗ್ರಾಂ ಒಂದನ್ನು ಸರಿಮಾಡುವುದು, ಆಮೇಲೆ ಅದಕ್ಕೆ ಹೊಸದೊಂದು ಕೆಲಸ ಸೇರಿಸುವುದು. ಮೊದಲನೆಯದು ಮುಗಿಯಿತು, ಎರಡನೆಯದರ ಅರ್ಧದಲ್ಲಿದ್ದಾಗ ಗಂಟೆ ಹೊಡೆಯಿತು. ಭಯಕ್ಕೆ ಹಾಗೆ ಕೈ ಓಡಿತೋ ಏನೋ. ನಾಳೆಯಿಂದಲಾದರೂ ಎಡಿಟರನ್ನು ಸರಿಯಾಗಿ ಕಲಿಯಬೇಕು.

ನವೆಂಬರ್ 20, ಗುರುವಾರ

ಇಪ್ಪತ್ಮೂರು! ಪಾಸು! ಏಳೂ ಜನ ಪಾಸು. ಗುಡುಗಿಗೆ ಇಪ್ಪತ್ತಾರು. ಬೆಳಿಗ್ಗೆಯಿಂದ ಅವಳ ಕಾಟ ತಡೆಯಲಾಗುತ್ತಿಲ್ಲ, "ಡೌಟ್ ಇದ್ರೆ ಕೇಳು ಕ್ಯಾಪ್ಟನ್, ಸಂಕೋಚ ಬೇಡ" ಅನ್ನುತ್ತಾಳೆ.

ಲ್ಯಾಬಿನಿಂದ ಹೊರಡುವಾಗ ಇಲಿಬೋನು ಸರ್ ಕರೆದರು. ಆಚೀಚೆ ನೋಡಿ, ದನಿ ತಗ್ಗಿಸಿ, "ಆ ಅಯ್ಯೋ ಬಟನ್ನಿನ ಫೈಲು ಇದ್ಯಾ?" ಅಂದರು. "ನಂಗಲ್ಲ. ನಮ್ಮನೆಯವರು ಕೇಳ್ತಿದಾರೆ." ಕೊಡುತ್ತೇನೆ ಅಂದೆ. ಜೊತೆಗೆ, ಎರಡನೇ ಭಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ, ಹೇಳಿಕೊಡಿ ಅಂತ ಅಲ್ಲೇ ನಿಲ್ಲಿಸಿಕೊಂಡು ಕೇಳಿದೆ. ಹೇಳಿಕೊಟ್ಟರು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ.

"ಪಾಸಾದೆ ಅಪ್ಪಾ!"

"ಎಷ್ಟು ಬಂತು?"

"ಪಾಸು ಅಪ್ಪಾ, ಪಾಸು! ಸ್ಟೂಲ್ ಯಾರಿಗಾದ್ರೂ ಕೊಟ್ಬಿಡಿ!"

"ಕೇಳಿಸ್ತು ಕಣಮ್ಮ, ಕಿವಿ ಹರಿಯೋ ಹಂಗೆ ಯಾಕೆ ಕಿರುಚ್ತೀಯ? ಮೊದಲೆಲ್ಲ ನಿನ್ನ ಮಾತು ಕೇಳೋಕೆ ಅಂಗಡಿ ಫ್ಯಾನ್ ಆಫ್ ಮಾಡ್ಬೇಕಿತ್ತು."

"ಇಲ್ಲಿ ಗಲಾಟೆ ಅಪ್ಪಾ. ರೂಮ್ ತುಂಬ ಜನ."

"ಯಾರಮ್ಮ ಅವರೆಲ್ಲ?"

ತಿರುಗಿ ನೋಡಿದೆ. ಇಬ್ಬರು ನನ್ನ ಹೊದಿಕೆಯೊಳಗೆ ಕಾಲು ತೂರಿಸಿಕೊಂಡು ಕೂತಿದ್ದರು. ಒಬ್ಬಳು ನನ್ನ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಗುಡುಗು ನನ್ನ ಬಿಸ್ಕತ್ತಿನ ಡಬ್ಬಿ ತೆರೆದು, ಕೇಳದೆ ಎಲ್ಲರಿಗೂ ಹಂಚುತ್ತಿದ್ದಳು.

"ಸರಿಯಾಗಿ ಗೊತ್ತಿಲ್ಲ ಅಪ್ಪಾ," ಅಂದೆ. "ಫ್ರೆಂಡ್ಸ್ ಅನ್ಸುತ್ತೆ."